ಗಂಟೆ ಕಿತ್ತ ಅರಸ, ಶಾಪ ಬರೆದ ಕಲ್ಲು

ಸ್ವೀಡನ್ನಿಗೆ ಬಂದು ನೆಲಸಿದ ನಮ್ಮ ಕಡೆಯವರು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದಾಗ, ಊಟದ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತದೆ: "ಇಲ್ಲಿನವರು ದೇವರನ್ನೂ ಸರ್ಕಾರವನ್ನೂ ಬೇರೆ ಬೇರೆ ಇಟ್ಟರು, ಅದಕ್ಕೇ ಮುಂದೆ ಬಂದರು, ನಮ್ಮಲ್ಲಿ ಮಠಕ್ಕೂ ವಿಧಾನಸೌಧಕ್ಕೂ ನಡುವೆ ಗೋಡೆಯೇ ಇಲ್ಲ." ನಾನೂ ಮೊದಮೊದಲು ತಲೆಯಾಡಿಸುತ್ತಿದ್ದೆ. ಉಪ್ಸಾಲಾದಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ, ಈ ಊರಿನ ಅರಮನೆ, ಚರ್ಚು, ಹಳೆಯ ದಫ್ತರಗಳನ್ನು ನೋಡುತ್ತಾ ಬಂದ ಮೇಲೆ, ಆ ಮಾತನ್ನು ತಲೆಕೆಳಗಾಗಿ ಹೇಳಲಾಗುತ್ತಿದೆ ಎಂದು ನನಗೆ ಮನವರಿಕೆಯಾಗಿದೆ. ಸ್ವೀಡನ್ನಿನ ಚರ್ಚು ಸರ್ಕಾರದಿಂದ ಬೇರೆಯಾದದ್ದು 2000ನೇ ಇಸವಿಯ ಜನವರಿ 1ರಂದು. ಅದಕ್ಕೆ ಮುಂಚಿನ ನಾಲ್ಕೂವರೆ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿನ ಪಾದ್ರಿ ಅರಸನ ಶಾನುಭೋಗನಾಗಿದ್ದ. ನಾವು ಬೆರಗಿನಿಂದ ನೋಡುವ ಇಲ್ಲಿನ ಅಚ್ಚುಕಟ್ಟುತನದ ಬೇರು ಆ ಶಾನುಭೋಗಿಕೆಯಲ್ಲಿದೆ.

ಇದರ ಮೂಲ ಹುಡುಕಿದರೆ 1520ರ ನವೆಂಬರಿಗೆ ಹೋಗಬೇಕು. ಡೆನ್ಮಾರ್ಕಿನ ಅರಸ ಎರಡನೆಯ ಕ್ರಿಸ್ತಿಯಾನ್ ಸ್ಟಾಕ್‌ಹೋಮನ್ನು ವಶಪಡಿಸಿಕೊಂಡು ಪಟ್ಟ ಕಟ್ಟಿಸಿಕೊಂಡ. ಸಂಭ್ರಮದ ಊಟಗಳು ಮುಗಿಯುತ್ತಿದ್ದಂತೆ ಆರ್ಚ್‌ಬಿಷಪ್ ಗುಸ್ತಾವ್ ಟ್ರೊಲ್ಲೆ ತನ್ನ ಹಳೆಯ ವೈರಿಗಳ ಮೇಲೆ ಧರ್ಮದ್ರೋಹದ ದೂರು ಮುಂದಿಟ್ಟ. ಅರಸನಿಗೆ ಬಗೆದ ದ್ರೋಹವನ್ನು ಕ್ಷಮಿಸುವುದಾಗಿ ಮಾತು ಕೊಟ್ಟಾಗಿತ್ತು. ದೇವರಿಗೆ ಬಗೆದ ದ್ರೋಹಕ್ಕೆ ಆ ಮಾತು ಅನ್ವಯಿಸುವುದಿಲ್ಲ ಎಂಬುದು ಅದರ ಒಳಜಾಣತನ. ಇಬ್ಬರು ಬಿಷಪ್ಪರೂ ಸೇರಿದಂತೆ 80ಕ್ಕೂ ಹೆಚ್ಚು ಮಂದಿಯ ತಲೆ ಉರುಳಿತು. ಹಾಗೆ ಸತ್ತವರೊಬ್ಬರ ಮಗ ಗುಸ್ತಾವ್ ವಾಸಾ, ಉತ್ತರದ ದಾಲಾರ್ನಾ ಸೀಮೆಯ ರೈತರನ್ನು ಕಟ್ಟಿಕೊಂಡು, ಲ್ಯೂಬೆಕ್ ನಗರದ ವರ್ತಕರಿಂದ ಹಣವನ್ನೂ ಹಡಗುಗಳನ್ನೂ ಸಾಲ ಪಡೆದು ಡೇನರನ್ನು ಓಡಿಸಿದ. 1523ರ ಜೂನ್ 6ರಂದು ಅರಸನಾಗಿ ಆಯ್ಕೆಯಾದ. ಆಗ ನಮ್ಮಲ್ಲಿ ಹಂಪೆಯ ಸಿಂಹಾಸನದ ಮೇಲೆ ಕೃಷ್ಣದೇವರಾಯನಿದ್ದ.

ಗೆದ್ದ ಅರಸನ ಕೈಯಲ್ಲಿ ಸಾಲದ ಪತ್ರ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ದೇಶದ ಜಮೀನಿನಲ್ಲಿ ಸುಮಾರು ಐದನೆಯ ಒಂದು ಭಾಗ ಚರ್ಚಿನದಾಗಿತ್ತು. ಅರಸನ ಪಾಲು ಅದಕ್ಕಿಂತ ಬಹಳ ಕಡಿಮೆ. 1527ರ ಜೂನಿನಲ್ಲಿ ವೆಸ್ತರೋಸ್ ಪಟ್ಟಣದಲ್ಲಿ ಸಭೆ ಕರೆದು, ನನ್ನ ಮಾತು ನಡೆಯದಿದ್ದರೆ ಪಟ್ಟ ಬಿಟ್ಟು ಹೋಗುತ್ತೇನೆ ಎಂದು ಗುಸ್ತಾವ್ ಹಟ ಹಿಡಿದ. ಕೊನೆಗೆ ಆದ ತೀರ್ಮಾನದಲ್ಲಿ ಬಿಷಪ್ಪರ ಕೋಟೆಗಳು ಮತ್ತು ಚರ್ಚಿನ ಹೆಚ್ಚುವರಿ ಆದಾಯ ಅರಸನ ಪಾಲಾದವು. ಅದಕ್ಕೆ ದೊಡ್ಡಮನೆತನದವರು ಒಪ್ಪಲೆಂದು ಅವರಿಗೂ ಒಂದು ತುತ್ತು ಇಡಲಾಯಿತು: 1454ರಿಂದೀಚೆಗೆ ತಮ್ಮ ಹಿರಿಯರು ಚರ್ಚಿಗೆ ದಾನ ಕೊಟ್ಟ ಜಮೀನನ್ನು ಅವರು ಹಿಂದಕ್ಕೆ ಪಡೆಯಬಹುದು. ರೋಮಿನ ಪೋಪನ ಅಧಿಕಾರವನ್ನು ತಳ್ಳಿಹಾಕಿದ ಜರ್ಮನಿಯ ಸುಧಾರಕ ಲೂಥರನ ಮತ ಈ ದೇಶಕ್ಕೆ ಬಂದದ್ದು ಹೀಗೆ, ಅರ್ಧ ಬೈಬಲಿನ ಮೂಲಕ, ಅರ್ಧ ಪಹಣಿಯ ಮೂಲಕ.

ದಾನ ಕೊಟ್ಟದ್ದನ್ನು ಮೊಮ್ಮಕ್ಕಳು ಹಿಂದಕ್ಕೆ ಪಡೆದರು ಎಂಬುದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಮಲೆನಾಡಿನ ಅಂಚಿನ ನಮ್ಮ ಹಳ್ಳಿಯ ಕಲ್ಲೇಶ್ವರ ಗುಡಿಯ ಹಿಂದಿನ ಶಾಸನದ ಕಲ್ಲು. ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುತ್ತಿರುವ ಹಸು. ನಾವು ಹುಡುಗರು ಅದಕ್ಕೆ ಒರಗಿ ಕೂತು ಹುಣಸೆಹಣ್ಣು ತಿನ್ನುತ್ತಿದ್ದೆವು. ಕೊನೆಯ ಸಾಲುಗಳನ್ನು ಮೇಷ್ಟ್ರೊಬ್ಬರು ಬೆರಳಿಟ್ಟು ಓದಿ ತೋರಿಸಿದ್ದರು: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಈ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಕರ್ನಾಟಕದ ಸಾವಿರಾರು ದಾನಶಾಸನಗಳು ಇದೇ ಶಾಪದಿಂದ ಮುಗಿಯುತ್ತವೆ. ವೆಸ್ತರೋಸಿನಲ್ಲಿ ಕೂತಿದ್ದ ಸರದಾರರಿಗೆ ಇದನ್ನು ಯಾರಾದರೂ ಓದಿ ಹೇಳಬೇಕಿತ್ತು ಎಂದು ನಗು ಬಂದದ್ದೂ ಉಂಟು.

ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಕಳ್ಳರಿಲ್ಲದ ಊರಿನಲ್ಲಿ ಬೀಗ ಯಾರು ಮಾಡಿಸುತ್ತಾರೆ? ನಮ್ಮಲ್ಲಿಯೂ ಕೊಟ್ಟದ್ದನ್ನು ಕಿತ್ತುಕೊಳ್ಳುವ ಅರಸರಿದ್ದರು ಎಂಬುದಕ್ಕೆ ಆ ಶಾಪಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಳೆಯ ಮೈಸೂರಿನಲ್ಲಿ 1955ರ ಧಾರ್ಮಿಕ ಇನಾಮು ರದ್ದತಿ ಕಾಯಿದೆ ಬಂದ ಮೇಲೆ ಸೂರ್ಯಚಂದ್ರರು ಕಲ್ಲಿನ ಮೇಲೆ ಹಾಗೆಯೇ ಉಳಿದರು, ಗುಡಿಯ ಗದ್ದೆ ಉಳಿಯಲಿಲ್ಲ. ಉಳುತ್ತಿದ್ದವರ ಹೆಸರಿಗೆ ಜಮೀನು ಹೋದದ್ದು ನ್ಯಾಯವೇ ಎಂದು ನಾನು ನಂಬಿದ್ದೇನೆ. ಅದರ ಬದಲಿಗೆ ಮುಜರಾಯಿ ಇಲಾಖೆ ಕೊಡುವ ತಸ್ತೀಕ್ ಹಣದಲ್ಲಿ ಇಂದಿಗೂ ಎಷ್ಟೋ ಗುಡಿಗಳ ದೀಪ ಉರಿಯುತ್ತಿದೆ. ಹಾಗಾಗಿ ಜಮೀನು ಹೋದದ್ದರಲ್ಲಿ ಎರಡು ನಾಡುಗಳಿಗೂ ಅಂಥ ಅಂತರವಿಲ್ಲ. ಅಂತರವಿರುವುದು ಬೇರೆ ಕಡೆ. ಗುಸ್ತಾವನ ಮುಂದೆ ಇದ್ದದ್ದು ಒಂದೇ ಚರ್ಚು, ಒಂದೇ ಏಣಿ. ಮೇಲಿನ ಮೆಟ್ಟಿಲನ್ನು ಹಿಡಿದರೆ ಕೆಳಗಿನ ಹಳ್ಳಿಯ ಪಾದ್ರಿಯವರೆಗೂ ಎಲ್ಲವೂ ಕೈಗೆ ಬರುತ್ತಿತ್ತು. ಅದೇ ದಶಕದಲ್ಲಿ ವ್ಯಾಸತೀರ್ಥರಿಗೆ ಗ್ರಾಮಗಳನ್ನು ದತ್ತಿ ಬಿಡುತ್ತಿದ್ದ ಕೃಷ್ಣದೇವರಾಯ ಮನಸ್ಸು ಬದಲಿಸಿದ್ದರೂ ಅವನಿಗೆ ಸಿಗುತ್ತಿದ್ದದ್ದು ಒಂದು ಮಠ. ಶೃಂಗೇರಿ ಬೇರೆ, ವಿರಕ್ತಮಠಗಳು ಬೇರೆ, ಬಸದಿಗಳು ಬೇರೆ, ಊರೂರು ತಿರುಗುವ ಜಂಗಮನಂತೂ ಯಾರ ಕೈಗೂ ಸಿಗುವವನಲ್ಲ.

ಜಮೀನು ತೆಗೆದುಕೊಂಡ ಅರಸ ಆಮೇಲೆ ಗಂಟೆಗೂ ಕೈಯಿಟ್ಟಾಗ ಜನ ಸುಮ್ಮನಿರಲಿಲ್ಲ. ಲ್ಯೂಬೆಕ್ಕಿನ ಸಾಲ ತೀರಿಸಲು 1531ರಲ್ಲಿ ಅರಸ ಪ್ರತಿ ಊರಿನ ಚರ್ಚೂ ತನ್ನ ಒಂದೊಂದು ಗಂಟೆಯನ್ನು, ಇಲ್ಲವೇ ಅದರ ಬೆಲೆಯನ್ನು ಒಪ್ಪಿಸಬೇಕೆಂದು ಅಪ್ಪಣೆ ಹೊರಡಿಸಿದ. ಗಂಟೆ ಊರಿನವರ ದುಡ್ಡಿನದು. ಸಾವಿಗೆ, ಮದುವೆಗೆ, ಬೆಂಕಿ ಬಿದ್ದಾಗ ಅದರದ್ದೇ ದನಿ. ಅರಸನನ್ನು ಮೊದಲು ಹೆಗಲ ಮೇಲೆ ಹೊತ್ತ ದಾಲಾರ್ನಾದ ರೈತರೇ ಈ ಸಲ ಅವನಿಗೆ ಎದುರು ನಿಂತರು. ಎರಡು ವರ್ಷ ತಾಳ್ಮೆಯಿಂದ ಕಾದ ಗುಸ್ತಾವ್ 1533ರಲ್ಲಿ ದಂಡಿನೊಡನೆ ಅವರ ತಾಮ್ರದ ಗಣಿಯ ಬಯಲಿಗೆ ಹೋಗಿ, ಮುಂದಾಳುಗಳಲ್ಲಿ ಕೆಲವರನ್ನು ಅಲ್ಲಿಯೇ ಕೊಲ್ಲಿಸಿದ. ಗಂಟೆಗಳು ಹೋದವು. ಉಪ್ಸಾಲಾದಲ್ಲಿ ನನ್ನ ಮನೆಗೆ ದಿನವೂ ಬೆಳಗಿನ ಆರಕ್ಕೆ, ರಾತ್ರಿ ಒಂಬತ್ತಕ್ಕೆ ಕೇಳುವ ಗಂಟೆ ಚರ್ಚಿನದಲ್ಲ, ಅರಮನೆಯ ಬುರುಜಿನದು. ಆ ಗಂಟೆಗೆ ಗುನಿಲ್ಲಾ ಎಂಬ ರಾಣಿಯ ಹೆಸರು. ಆ ಬುರುಜಿನ ಹೆಸರೋ, ಬಿಷಪ್ಪನನ್ನು ಅಂಕೆಯಲ್ಲಿಡುವುದು ಎಂಬ ಅರ್ಥದ್ದು. ಗುಡ್ಡದ ಮೇಲಿನ ಆ ಅರಮನೆಯ ಫಿರಂಗಿಗಳನ್ನು ಗುಸ್ತಾವ್ ಬೇಕೆಂದೇ ಆರ್ಚ್‌ಬಿಷಪ್ಪನ ಮನೆಯ ಕಡೆಗೆ ತಿರುಗಿಸಿಟ್ಟಿದ್ದ ಎಂದು ಊರಿನವರು ನಗುತ್ತಾ ಹೇಳುತ್ತಾರೆ.

ಪಾದ್ರಿಗಳೆಲ್ಲ ತಲೆಬಾಗಿದರು ಎಂದಲ್ಲ. ಲಿಂಕೋಪಿಂಗಿನ ಬಿಷಪ್ ಹಾನ್ಸ್ ಬ್ರಾಸ್ಕ್ ವೆಸ್ತರೋಸಿನಲ್ಲಿ ಎದುರು ಮಾತಾಡಿ, ಅದೇ ವರ್ಷ ದೇಶ ಬಿಟ್ಟು ಹೋದ. ಅವನು ಇದಕ್ಕೆ ಹತ್ತು ವರ್ಷ ಮೊದಲು, 1517ರಲ್ಲಿ, ಆರ್ಚ್‌ಬಿಷಪ್ ಟ್ರೊಲ್ಲೆಯನ್ನು ಕೆಳಗಿಳಿಸುವ ನಿರ್ಣಯಕ್ಕೆ ಮುದ್ರೆ ಒತ್ತುವಾಗ ಅರಗಿನ ಅಡಿಯಲ್ಲಿ "ಒತ್ತಾಯಕ್ಕೆ ಮಾಡುತ್ತಿದ್ದೇನೆ" ಎಂಬ ಚೀಟಿ ಅಡಗಿಸಿಟ್ಟಿದ್ದನೆಂದೂ, 1520ರಲ್ಲಿ ಅದನ್ನು ತೋರಿಸಿ ತಲೆ ಉಳಿಸಿಕೊಂಡನೆಂದೂ ಪ್ರತೀತಿ. ಇಲ್ಲಿನ ಆಫೀಸು ಸಭೆಗಳಲ್ಲಿ ಯಾರಾದರೂ ಒಪ್ಪಿಗೆ ಕೊಡುತ್ತಲೇ ಒಂದು "ಆದರೆ" ಸೇರಿಸಿದರೆ ಅದನ್ನು ಈಗಲೂ ಬ್ರಾಸ್ಕ್‌ಲಾಪ್, ಎಂದರೆ ಬ್ರಾಸ್ಕನ ಚೀಟಿ, ಎನ್ನುತ್ತಾರೆ.

ಅರಸನ ಪಕ್ಷದಲ್ಲೇ ಇದ್ದ ಸುಧಾರಕ ಓಲಾವುಸ್ ಪೇತ್ರಿಯ ಪಾಡು ಇನ್ನೂ ವಿಚಿತ್ರ. ಸ್ವೀಡಿಷ್ ಭಾಷೆಗೆ ಹೊಸ ಒಡಂಬಡಿಕೆಯನ್ನು 1526ರಲ್ಲಿ ತಂದವರಲ್ಲಿ ಮುಖ್ಯನೆನಿಸಿದ ಅವನು ಸ್ಟಾಕ್‌ಹೋಮಿನ ದೊಡ್ಡ ಚರ್ಚಿನ ಬೋಧಕ. 1535ರ ಏಪ್ರಿಲ್ 20ರಂದು ನಗರದ ಮೇಲೆ ಸೂರ್ಯನ ಸುತ್ತ ಬಿಳಿಯ ಬಳೆಗಳೂ ಹುಸಿಸೂರ್ಯಗಳೂ ಕಾಣಿಸಿಕೊಂಡವು. ಪೇತ್ರಿ ಅದನ್ನು ಚಿತ್ರ ಬರೆಸಿ ಚರ್ಚಿನಲ್ಲಿ ತೂಗುಹಾಕಿಸಿ, ಇದು ದೇವರ ಎಚ್ಚರಿಕೆಯಿರಬಹುದು ಎಂದು ಉಪದೇಶಿಸಿದ. ಯಾರಿಗೆ ಎಚ್ಚರಿಕೆ ಎಂಬುದು ಅರಸನಿಗೆ ಅರ್ಥವಾಗದೆ ಇರಲಿಲ್ಲ. 1540ರ ಹೊಸವರ್ಷದ ಹೊತ್ತಿಗೆ, ಅರಸನ ವಿರುದ್ಧದ ಒಳಸಂಚನ್ನು ಪಾಪನಿವೇದನೆಯಲ್ಲಿ ಕೇಳಿಯೂ ತಿಳಿಸಲಿಲ್ಲ ಎಂದು ಪೇತ್ರಿಗೆ ಮರಣದಂಡನೆ ವಿಧಿಸಲಾಯಿತು. ದೊಡ್ಡ ದಂಡ ಕಟ್ಟಿದ ಮೇಲೆ ತಲೆ ಉಳಿಯಿತು. ಆ ಚಿತ್ರದ 1636ರ ಪ್ರತಿ ಈಗಲೂ ಅದೇ ಚರ್ಚಿನಲ್ಲಿದೆ. ಕೆಳಗೆ ಬೆಂಕಿಪೊಟ್ಟಣದಂಥ ಸಣ್ಣ ಸಣ್ಣ ಮನೆಗಳು, ಮೇಲೆ ಮುಕ್ಕಾಲು ಪಾಲು ಆಕಾಶ. ಅದರ ಮುಂದೆ ನಿಂತಾಗ ನನಗೆ ಹೊಳೆದದ್ದು ಇಷ್ಟು: ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅರಮನೆಗೆ ವರದಿ ಮಾಡಬೇಕೆಂದು ಕಾಯಿದೆಯಾದ ದಿನ ಗುರು ಗುರುವಾಗಿ ಉಳಿಯುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಗುಸ್ತಾವನ ಮೊಮ್ಮಗ ಸಿಗಿಸ್ಮುಂಡ್ ಕ್ಯಾಥೊಲಿಕ್ ಆಗಿದ್ದರಿಂದ, ಅವನು ಪೋಲೆಂಡಿನಿಂದ ಬಂದು ಪಟ್ಟವೇರುವ ಮೊದಲೇ, 1593ರಲ್ಲಿ ಪಾದ್ರಿಗಳು ಉಪ್ಸಾಲಾದಲ್ಲಿ ಸೇರಿ ಲೂಥರನ ಮತವೊಂದೇ ದೇಶದ ಮತವೆಂದು ಕಟ್ಟು ಮಾಡಿದರು. "ಈಗ ಸ್ವೀಡನ್ ಒಬ್ಬ ಮನುಷ್ಯನಂತಾಯಿತು, ನಮಗೆಲ್ಲ ಒಬ್ಬನೇ ದೇವರು" ಎಂದು ಸಭೆಯ ಅಧ್ಯಕ್ಷ ಸಾರಿದ. ಸಿಗಿಸ್ಮುಂಡ್ 1599ರಲ್ಲಿ ಪಟ್ಟ ಕಳೆದುಕೊಂಡ. ಮರುವರ್ಷ ಅವನ ಕಡೆಯ ಐವರು ಸರದಾರರ ತಲೆ ಲಿಂಕೋಪಿಂಗಿನಲ್ಲಿ ಬಿತ್ತು. ಆ ಕಟ್ಟಿನ ಬಿಗಿ ಎಷ್ಟೆಂದರೆ, ಲೂಥರ್ ಮತಕ್ಕಾಗಿ ಜರ್ಮನಿಯಲ್ಲಿ ಹೋರಾಡಿ 1632ರಲ್ಲಿ ಸತ್ತ ಅರಸನ ಮಗಳು ಕ್ರಿಸ್ತೀನಾ, ಕ್ಯಾಥೊಲಿಕ್ ಆಗಬೇಕೆಂದಾಗ ಸಿಂಹಾಸನವನ್ನೇ ಬಿಡಬೇಕಾಯಿತು. 1654ರಲ್ಲಿ ಇದೇ ಉಪ್ಸಾಲಾದ ಅರಮನೆಯಲ್ಲಿ ಅವಳ ತಲೆಯಿಂದ ಕಿರೀಟ ತೆಗೆಯಬೇಕಾಗಿದ್ದ ಹಿರಿಯ ಸರದಾರ ಕೈಯೆತ್ತಲು ಒಪ್ಪಲಿಲ್ಲ. ಅವಳೇ ಅದನ್ನು ತೆಗೆದಿಟ್ಟಳು.

"ಒಬ್ಬ ಮನುಷ್ಯ, ಒಬ್ಬ ದೇವರು" ಎಂಬ ಆ ಮಾತಿನ ಎದುರಿಗೆ ನಾನು ಇಡಲು ಬಯಸುವುದು ಶ್ರವಣಬೆಳಗೊಳದ 1368ರ ಶಾಸನವನ್ನು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಬೆಳಗೊಳದ ದೇವರಿಗೆ ಕಾವಲಿನವರನ್ನು ನೇಮಿಸುವ ಹೊಣೆಯನ್ನು ವೈಷ್ಣವರಿಗೇ ವಹಿಸಿದ, ಅದರ ಖರ್ಚನ್ನು ಜೈನರ ಮನೆಮನೆಯಿಂದ ಹಣವೆತ್ತಿ ತೂಗಿಸುವಂತೆ ಮಾಡಿದ. ಅಳಲು ತೋಡಿಕೊಂಡು ಅರಸನ ಬಳಿಗೆ ಹೋಗಬೇಕಾದ ಸ್ಥಿತಿಯಲ್ಲಿ ಜೈನರಿದ್ದರು ಎಂಬುದನ್ನೂ ಆ ಕಲ್ಲೇ ಹೇಳುತ್ತದೆ. ಹಾಗಾಗಿ ಅದನ್ನು ಸೌಹಾರ್ದದ ಭಿತ್ತಿಚಿತ್ರ ಮಾಡುವುದು ನನಗೆ ಬೇಕಿಲ್ಲ. ಆದರೆ ಒಬ್ಬರನ್ನು ಇನ್ನೊಬ್ಬರೊಳಗೆ ಕರಗಿಸದೆ ಜಗಳ ಬಿಡಿಸುವುದು ಅರಸನ ಕೆಲಸ ಎಂಬ ತಿಳಿವಳಿಕೆ ಅಲ್ಲಿತ್ತು. ಉಪ್ಸಾಲಾದ ನಿರ್ಣಯದಲ್ಲಿ ಬಿಡಿಸಬೇಕಾದ ಜಗಳವೇ ಉಳಿಯಬಾರದೆಂಬ ಹಟವಿತ್ತು.

ಆ ಹಟ ಏನೇನು ಮಾಡಿತೆಂಬುದಕ್ಕೆ ಎರಡು ನಿದರ್ಶನ ಸಾಕು. 1686ರ ಚರ್ಚ್ ಕಾಯಿದೆಯ ಪ್ರಕಾರ ಪ್ರತಿ ಊರಿನ ಪಾದ್ರಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡಬೇಕಿತ್ತು; ಕೇರಿಯವರನ್ನು ಒಂದು ಮನೆಯಲ್ಲಿ ಕೂರಿಸಿ, ಒಡೆಯನಿಂದ ಕೆಲಸದ ಹುಡುಗಿಯವರೆಗೆ ಎಲ್ಲರ ಓದನ್ನೂ ಧರ್ಮದ ಪಾಠವನ್ನೂ ಪರೀಕ್ಷಿಸಬೇಕಿತ್ತು. ಪಾಠ ಬಾರದವನಿಗೆ ಪ್ರಸಾದವಿಲ್ಲ. ಪ್ರಸಾದವಿಲ್ಲದವನಿಗೆ ಮದುವೆಯೂ ಕಷ್ಟ. ನೆರೆಮನೆಯ ಅಜ್ಜಿಯೊಬ್ಬರು ತಮ್ಮ ಮುತ್ತಜ್ಜಿಯ ಅಜ್ಜಿಯ ಪುಟವನ್ನು ಕಂಪ್ಯೂಟರಿನಲ್ಲಿ ನನಗೆ ತೋರಿಸಿದರು: ಹೆಸರಿನ ಮುಂದೆ ಸಾಲು ಸಾಲು ಸಣ್ಣ ಗೀಟುಗಳು, ಎಷ್ಟು ಚೆನ್ನಾಗಿ ಓದುತ್ತಾಳೆ ಎಂಬುದಕ್ಕೆ ಪಾದ್ರಿ ಹಾಕಿದ ಅಂಕ, ಬದಿಯಲ್ಲಿ ಸಿಡುಬು ಬಂದಿತ್ತೇ ಎಂಬುದಕ್ಕೂ ಒಂದು ಕಲಮು. ಕೂಲಿಯ ಹೆಂಗಸು ಪುಸ್ತಕ ಓದುತ್ತಿದ್ದಳು ಎಂಬುದಕ್ಕೆ ಇಂಥ ದಾಖಲೆ ನಮ್ಮ ಯಾವ ಮಠದಲ್ಲೂ ನನಗೆ ಕಾಣಸಿಕ್ಕಿಲ್ಲ. ಅದನ್ನು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು, ಈ ಕಾಯಿದೆಗೆ ಹನ್ನೊಂದು ವರ್ಷ ಮೊದಲಿನದು. 1675ರಲ್ಲಿ ಉತ್ತರದ ಟೂರ್ಸೋಕರ್ ಎಂಬ ಊರಿನಲ್ಲಿ ಮಾಟಗಾತಿಯರ ವಿಚಾರಣೆ ನಡೆಸುವ ಹೊಣೆ ಪಾದ್ರಿ ಹೊರ್ನೇಯುಸ್ ಎಂಬವನ ಮೇಲೆ ಬಿತ್ತು. ಅವನು ಇಬ್ಬರು ಹುಡುಗರನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬರುವವರಲ್ಲಿ ಯಾರ ಹಣೆಯ ಮೇಲೆ ಸೈತಾನನ ಗುರುತಿದೆಯೋ ತೋರಿಸಿ ಎಂದ. ಒಬ್ಬ ಹುಡುಗ ಪಾದ್ರಿಯ ಹೆಂಡತಿಯನ್ನೇ ತೋರಿಸಿದ. ಆಕೆ ಕಪಾಳಕ್ಕೆ ಬಾರಿಸಿದಳು. ಹುಡುಗ, ಬಿಸಿಲು ಕಣ್ಣಿಗೆ ಬಿದ್ದು ತಪ್ಪಾಯಿತು ಎಂದ. ಕಪಾಳಕ್ಕೆ ಬಾರಿಸುವ ಅಧಿಕಾರ ಮಿಕ್ಕ ಹೆಂಗಸರಿಗೆ ಇರಲಿಲ್ಲ. ಒಂದೇ ದಿನ 71 ಮಂದಿಯ ತಲೆ ಕಡಿದು ಸುಟ್ಟರು, ಅವರಲ್ಲಿ 65 ಮಂದಿ ಹೆಂಗಸರು. ಈ ಸಂಗತಿ ನಮಗೆ ತಿಳಿದಿರುವುದೂ ಆ ಪಾದ್ರಿಯ ಹೆಂಡತಿಯಿಂದಲೇ; ಮುದುಕಿಯಾದ ಮೇಲೆ ಆಕೆ ಹೇಳಿದ್ದನ್ನು ಮೊಮ್ಮಗ ಬರೆದಿಟ್ಟ. ಪ್ರತಿ ಮನೆಯ ಒಳಗೂ ಹೊಕ್ಕು ನೋಡುವ ಹಕ್ಕು ಒಬ್ಬನಿಗೇ ಇದ್ದಾಗ, ಅವನು ಓದು ಕಲಿಸಲೂಬಹುದು, ಕೊರಳಿಗೆ ಕೊಡಲಿ ತರಲೂಬಹುದು. ಮಠಗಳನ್ನೆಲ್ಲ ಸರ್ಕಾರ ಒಂದೇ ಕೈಯಲ್ಲಿ ಹಿಡಿಯಬೇಕು ಎನ್ನುವ ನನ್ನ ಗೆಳೆಯರಿಗೂ, ಮಠವೇ ಸರ್ಕಾರವನ್ನು ಹಿಡಿಯಲಿ ಎನ್ನುವ ಊರಿನ ಕೆಲವರಿಗೂ ನಾನು ಹೇಳುವುದು ಈ ಒಂದು ಊರಿನ ಕಥೆಯನ್ನು.

ಪಾದ್ರಿಯ ಆ ಜನದಾಖಲೆಯ ಕೆಲಸ 1991ರ ಜುಲೈ 1ರಂದು ತೆರಿಗೆ ಇಲಾಖೆಗೆ ವರ್ಗವಾಯಿತು. ನನ್ನ ಮಗ ಹುಟ್ಟಿದಾಗ ಅವನಿಗೆ ಹೆಸರಿಡುವ ಮೊದಲೇ ಸಂಖ್ಯೆ ಬಂತು, ಅಂಚೆಯಲ್ಲಿ, ಬಿಳಿಯ ಲಕೋಟೆಯಲ್ಲಿ. ಕಳೆದ ಚಳಿಗಾಲದಲ್ಲಿ ಊರಿನಿಂದ ಅಣ್ಣ ಫೋನು ಮಾಡಿದ. ನಮ್ಮ ಮನೆತನದ ಹೆಳವರು ಎತ್ತು ಹೊಡೆದುಕೊಂಡು ಬಂದು ಜಗಲಿಯ ಮೇಲೆ ಕೂತಿದ್ದಾರೆ, ಏಳು ತಲೆಮಾರು ಓದಿ ಹೇಳಿದರು, ನಿನ್ನ ಮಗನ ಹೆಸರನ್ನು ಹೊತ್ತಗೆಗೆ ಸೇರಿಸಬೇಕಂತೆ, ಊರು ಯಾವುದೆಂದು ಬರೆಯಲಿ ಎಂದು ಕೇಳುತ್ತಿದ್ದಾರೆ ಎಂದ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. "ಉಪ್ಪಿನಸಾಲು ಅಂತ ಬರೆದುಕೊಂಡರು," ಎಂದ ಅಣ್ಣ, "ಎರಡು ಮೂಟೆ ಭತ್ತ ಕೇಳುತ್ತಿದ್ದಾರೆ, ನಿನ್ನ ಪಾಲಿನದು ಒಂದು."