ಚಿಕ್ಕವ್ವನ ಕಾಲ್‌ಚೈನು ಮತ್ತು ಡಿ-ಡೈಮರ್

ಮೂರು ತಿಂಗಳ ಹಿಂದೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬಿತ್ತು. ಚಿಕ್ಕವ್ವನ ರಕ್ತಪರೀಕ್ಷೆ. ಅವರಿಗೆ ಜಠರದ ಕ್ಯಾನ್ಸರ್. ಮಂಡ್ಯದಿಂದ ಮೈಸೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಾರೆ. ಡಿ-ಡೈಮರ್ ಅನ್ನುವ ಸಾಲಿನಲ್ಲಿ 3,140 ಅಂತ ದಪ್ಪಕ್ಷರ, ಪಕ್ಕದಲ್ಲಿ 500ರೊಳಗಿರಬೇಕು ಅಂತ ಸಣ್ಣಕ್ಷರ. ಕಳಿಸಿದ ಲ್ಯಾಬಿನವರು ಹೆಚ್ಚಿಗೆ ಒಂದು ಮಾತು ಹೇಳಲಿಲ್ಲ.

ಬೆಂಗಳೂರಲ್ಲಿರೋ ತಮ್ಮ ಗೂಗಲ್ ಮಾಡಿದ. ಅರ್ಧ ಗಂಟೆಯಲ್ಲಿ ಸ್ಕ್ರೀನ್‌ಶಾಟ್ ಬಂತು: ಡಿ-ಡೈಮರ್ ಜಾಸ್ತಿ ಇರೋ ಕ್ಯಾನ್ಸರ್ ರೋಗಿಗಳು ಹೆಚ್ಚು ದಿನ ಬದುಕಲ್ಲವಂತೆ. ಇನ್ನೊಬ್ಬರು ಪಕ್ಕದ ಮನೆಯವರ ರಿಪೋರ್ಟ್ ತಂದು, 'ಅವರದು ಬರೀ 0.8, ಇವರದು ಮೂರು ಸಾವಿರ!' ಅಂದರು. ಅದು ಮೈಕ್ರೋಗ್ರಾಂ, ಇದು ನ್ಯಾನೋಗ್ರಾಂ, 0.8 ಅಂದರೆ 800. ಯಾರು ಕೇಳ್ತಾರೆ? ಸಂಜೆಯ ಹೊತ್ತಿಗೆ ಸೋದರಮಾವ, ಚಿಕ್ಕವ್ವನ ಹೆಸರಲ್ಲಿರೋ ಅರ್ಧ ಎಕರೆ ಗದ್ದೆಯ ಮಾತೆತ್ತಿದ್ದರು.

ತಮ್ಮ ಓದಿದ್ದು ಸುಳ್ಳಲ್ಲ. ಗಾಯವಾದಾಗ ರಕ್ತ ಫೈಬ್ರಿನ್ ಅನ್ನುವ ನಾರಿನ ಬಲೆ ಹೆಣೆದು ಹೆಪ್ಪುಗಟ್ಟುತ್ತದೆ. ಕೆಲಸ ಮುಗಿದ ಮೇಲೆ ಆ ಬಲೆ ಕರಗುವಾಗ ಉದುರುವ ಚೂರೇ ಡಿ-ಡೈಮರ್. ಕ್ಯಾನ್ಸರ್ ಕೋಶಗಳು ಗಾಯವಿಲ್ಲದೆಯೂ ಈ ಹೆಪ್ಪಿನ ಯಂತ್ರಕ್ಕೆ ಕೀಲಿ ಕೊಡುತ್ತವೆ. ಹಾಗಾಗಿ ಈ ಅಂಕಿ ಏರಿದವರಲ್ಲಿ ಒಟ್ಟಾರೆ ಬದುಕುಳಿಯುವ ಪ್ರಮಾಣ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಸೋಂಕು, ಆಪರೇಷನ್, ಬಸಿರು, ಬರೀ ವಯಸ್ಸು, ಎಲ್ಲದಕ್ಕೂ ಇದು ಏರುತ್ತದೆ. ಸಾವಿರಾರು ಜನರ ಲೆಕ್ಕವನ್ನು ತಂದು ಒಬ್ಬ ಹೆಂಗಸಿನ ಹಣೆಗೆ ಅಂಟಿಸಿದರೆ ಅದು ವೈದ್ಯ ಅಲ್ಲ, ಪಂಚಾಂಗ.

ಇಷ್ಟೆಲ್ಲ ರಂಪ ನಡೆಯುವಾಗ ಚಿಕ್ಕವ್ವನ ಎಡಗಾಲು ಊದಿಕೊಂಡಿತ್ತು. ನಮಗೆಲ್ಲ ಕಾಣುವ ಹಾಗೇ. ಎಡಗಾಲಿನ ಬೆಳ್ಳಿ ಕಾಲ್‌ಚೈನು ಮಾಂಸದೊಳಕ್ಕೆ ಒತ್ತಿ ಗೆರೆ ಮೂಡಿಸಿತ್ತು. ಬಲಗಾಲಿನದು ಸಡಿಲವಾಗಿ ಹಿಮ್ಮಡಿ ಮೇಲೆ ಜೋತಾಡುತ್ತಿತ್ತು. ಕೇಳಿದರೆ, 'ಅಯ್ಯೋ ಬುಡ್ಲಾ, ಬಸ್ಸಲ್ಲಿ ಕೂತು ಕೂತು ಊದದೆ' ಅಂದರು. ರಾತ್ರಿ ಹರಳೆಣ್ಣೆ ಬಿಸಿ ಮಾಡಿ ಮೀನಖಂಡವನ್ನ ಚೆನ್ನಾಗಿ ತಿಕ್ಕಿದ್ದು ಬೇರೆ ಯಾರೂ ಅಲ್ಲ, ನಾನೇ. ಒಳಗಿದ್ದ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ? ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಮುಂದಿನ ಸರದಿಗೆ ಹೋದಾಗ ನರ್ಸಮ್ಮ ಒಬ್ಬರು ರಿಪೋರ್ಟ್ ಪಕ್ಕಕ್ಕಿಟ್ಟು ಸೀರೆ ಸ್ವಲ್ಪ ಎತ್ತಿ ನೋಡಿದರು. ಟೇಪ್ ಹಿಡಿದು ಎರಡೂ ಮೀನಖಂಡದ ಸುತ್ತಳತೆ ತೆಗೆದರು. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಮೂರು ದಾಟಿದರೇ ಅನುಮಾನ ಪಡಬೇಕಂತೆ. ಅವತ್ತೇ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ತೊಡೆಯ ರಕ್ತನಾಳದಲ್ಲಿ ಹೆಪ್ಪು. ಕ್ಯಾನ್ಸರ್ ಇದ್ದು ಒಂದೇ ಕಾಲು ಊದಿದರೆ ಡಿ-ಡೈಮರ್ ನೋಡುತ್ತಾ ಕೂರುವ ಹಾಗಿಲ್ಲ, ನೇರ ಸ್ಕ್ಯಾನಿಗೆ ಹೋಗಬೇಕು.

ಇದು ಹೊಸ ವಿದ್ಯೆಯೇನಲ್ಲ. ಪ್ಯಾರಿಸ್ಸಿನ ವೈದ್ಯ ಟ್ರೂಸೋ 1865ರಲ್ಲೇ ಕ್ಯಾನ್ಸರಿಗೂ ಹೆಪ್ಪಿಗೂ ಇರುವ ನಂಟು ಹೇಳಿದ್ದ. ತನ್ನದೇ ಮೈಯಲ್ಲಿ ಹೆಪ್ಪು ಕಂಡಾಗ ತನ್ನ ರೋಗ ತಾನೇ ಗುರುತಿಸಿಕೊಂಡು 1867ರಲ್ಲಿ ತೀರಿಹೋದ. 2008ರಿಂದ ಖೊರಾನಾ ಸ್ಕೋರ್ ಅಂತ ಒಂದಿದೆ, ಕೀಮೋಗೆ ಮುಂಚೆಯೇ ಹೆಪ್ಪಿನ ಅಪಾಯ ಅಂದಾಜಿಸುವುದಕ್ಕೆ. ಜಠರದ ಕ್ಯಾನ್ಸರಿಗೆ ಎರಡು ಅಂಕ, ಹೆಪ್ಪುಗಟ್ಟಿಸುವ ಕಣ ಪ್ಲೇಟ್‌ಲೆಟ್ ಮೂರೂವರೆ ಲಕ್ಷ ಮುಟ್ಟಿದರೆ ಒಂದು. ತೀರಾ ಇಳಿದ ಹಿಮೋಗ್ಲೋಬಿನ್, ಏರಿದ ಬಿಳಿ ರಕ್ತಕಣ, ತೀರಾ ದಪ್ಪ ಮೈ, ಇವಕ್ಕೂ ಒಂದೊಂದು. ಮೂರಾದರೆ ಅಪಾಯ ಹೆಚ್ಚು. ಡಿ-ಡೈಮರ್ ಅದರಲ್ಲಿ ಇಲ್ಲವೇ ಇಲ್ಲ. ಆಮೇಲೆ ವಿಯೆನ್ನಾದ ಸಂಶೋಧಕರು ಅದನ್ನು ಸೇರಿಸಿದರು. ಚಿಕ್ಕವ್ವನ ಫೈಲಿನ ಎರಡನೇ ಹಾಳೆಯಲ್ಲಿ, ಕೀಮೋಗೆ ಮುಂಚೆ ರಕ್ತಕಣ ಎಣಿಸಿದ ಸಾದಾ ಸಿಬಿಸಿ ಪರೀಕ್ಷೆಯಲ್ಲಿ, ಪ್ಲೇಟ್‌ಲೆಟ್ 4.1 ಲಕ್ಷ. ಎರಡಕ್ಕೆ ಒಂದು ಕೂಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನನ್ನ ಸಿಟ್ಟು ಇರೋದು ಅಲ್ಲಿ. ಕಾಲು ಊದಿದರೆ, ಏದುಸಿರು ಬಂದರೆ ತಕ್ಷಣ ಬನ್ನಿ ಅಂತ ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ?

ಈಗ ಹೊಟ್ಟೆಗೆ ದಿನಾ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದು. ಚುಚ್ಚಿದ ಕಡೆಯೆಲ್ಲ ನೀಲಿಗಟ್ಟಿದೆ ಅಂತ ಗೊಣಗುತ್ತಾರೆ. ಊತ ಇಳಿದಿದೆ, ಕಾಲ್‌ಚೈನು ಎರಡೂ ಸಡಿಲ. ಮೊನ್ನೆ ಮಾವ ಬಂದಾಗ ಚಿಕ್ಕವ್ವ ಕಾಫಿ ಲೋಟ ಕೈಗಿಟ್ಟು ಕೇಳಿದರಂತೆ: 'ನಂದು ಮೂರು ಸಾವ್ರ. ನಿಂದೆಷ್ಟದೆ ಅಣ್ಣಾ, ನೋಡಿಸ್ಕೊಂಡ್ಯಾ?'