ಮಿಕ್ಸಿಗೂ ಬ್ರಷ್ ಬೇಕಂತೆ

ನಮ್ಮ ಮನೆಯ ಮಿಕ್ಸಿ ಈಗ ಚೆನ್ನಾಗಿ ತಿರುಗುತ್ತಿದೆ. ನನ್ನ ಮೊಣಕಾಲು ಮಾತ್ರ ಇನ್ನೂ ಮಡಚಲು ಬರುತ್ತಿಲ್ಲ. ನಿನ್ನೆ ಭಾನುವಾರ ಅರ್ಧ ದಿನ ಅಡುಗೆಮನೆಯ ನೆಲದ ಮೇಲೆ ಅಂಬೆಗಾಲಿಟ್ಟಿದ್ದರ ಫಲ ಇದು. ಅದೂ ಬಾಲ್‌ಪೆನ್ನಿನ ಸ್ಪ್ರಿಂಗಿನಷ್ಟೇ ಇರುವ ಒಂದು ಸ್ಪ್ರಿಂಗಿಗಾಗಿ. ಅದರ ಕತೆಗೆ ಬರುತ್ತೇನೆ, ಸ್ವಲ್ಪ ತಡೆಯಿರಿ. ಈಗಲೇ ಶುರು ಮಾಡಿದರೆ ಬಿಪಿ ಏರುತ್ತದೆ.

ಮಿಕ್ಸಿ ಕೈಕೊಟ್ಟಿದ್ದು ಶುಕ್ರವಾರ ಬೆಳಿಗ್ಗೆ. ಬಿಡುವಿನ ಹೊತ್ತು ನೋಡಿ ಕೆಟ್ಟ ಮಿಕ್ಸಿಯನ್ನು ನೀವು ಕಂಡಿದ್ದೀರಾ? ನಾನಂತೂ ಇಲ್ಲ. ಎಲ್ಲರೂ ಹೊರಡುವ ಅವಸರದಲ್ಲಿದ್ದಾಗಲೇ ಅದಕ್ಕೆ ನಿದ್ದೆ ಬರುವುದು. ಅಮ್ಮ ಸ್ವಿಚ್ ತಿರುಗಿಸಿದಳು. ಸದ್ದಿಲ್ಲ. ಎಡಗೈಯಿಂದ ಮಿಕ್ಸಿಯ ಪಕ್ಕೆಗೆ 'ಟಪ್' ಅಂತ ಒಂದು ಬಿಟ್ಟಳು. ಅದು ಎಚ್ಚರವಾಗಿ ಒಂದಿಷ್ಟು ತಿರುಗಿ ಮತ್ತೆ ಮಲಗಿತು. ಇನ್ನೊಂದು ಟಪ್. ಆಮೇಲೆ ಟಪ್ ಟಪ್ ಟಪ್. ಊಹೂಂ.

"ಏನಮ್ಮಾ ಅದು, ಹೊಡೀತಾ ಇದೀಯಾ?" ಅಂದೆ.

"ಎರಡು ತಿಂಗಳಿಂದ ಹಿಂಗೇ ನಡೀತಿದೆ ಕಣೋ. ಮೊದಲು ಒಂದು ಏಟಿಗೆ ಏಳ್ತಿತ್ತು. ಆಮೇಲೆ ಎರಡಾಯ್ತು. ಇವತ್ತು ಐದು ಕೊಟ್ಟರೂ ಏಳ್ತಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ನೀನು 'ಹ್ಞೂಂ' ಅಂದೆ."

ನಾನು ಆ 'ಹ್ಞೂಂ' ಬಗ್ಗೆ ಹೆಚ್ಚು ವಿಚಾರಣೆಗೆ ಹೋಗಲಿಲ್ಲ. ಮಿಕ್ಸಿಯನ್ನು ಮಗುಚಿ ಬುಡದಲ್ಲಿರುವ ಕೆಂಪು ಗುಂಡಿ ಒತ್ತಿದೆ. ನನಗೆ ಗೊತ್ತಿರುವ ಮಿಕ್ಸಿ ರಿಪೇರಿ ಅದೊಂದೇ. ಗುಂಡಿ ಮೊದಲೇ ಒಳಗೇ ಇತ್ತು. ಓವರ್‌ಲೋಡ್ ಆದರೆ ಮಾತ್ರ ಅದು ಹೊರಗೆ ಬರುವುದು. ಆದರೂ ಗಂಭೀರವಾಗಿ ಮೂರು ಸಲ ಒತ್ತಿ, "ಇದಲ್ಲ ಪ್ರಾಬ್ಲಮ್ಮು" ಅಂತ ತೀರ್ಪು ಕೊಟ್ಟೆ.

ರಾತ್ರಿ ಅಡುಗೆಮನೆಯ ಲೈಟ್ ಆರಿಸಿ, ಮಿಕ್ಸಿಗೆ ಇನ್ನೆರಡು ಏಟು ಕೊಟ್ಟು, ಗಾಳಿಕಂಡಿಯಿಂದ ಒಳಗೆ ಇಣುಕಿದೆ. ಒಂದೋ ಎರಡೋ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಕಿಲ್ಲ, ಅದು ಇದ್ದದ್ದೇ. ಇಲ್ಲಿ ಕಂಡದ್ದು ಕಿತ್ತಳೆ ಬಣ್ಣದ ಬೆಂಕಿಯ ಬಳೆ! ಜೊತೆಗೆ ಸುಟ್ಟ ವಾಸನೆ. ಕಾರ್ಬನ್ ಬ್ರಷ್ ಸವೆದಿದೆ ಅಂತ ಖಾತ್ರಿಯಾಯಿತು.

ಈ ಬ್ರಷ್ಷಿನ ಸಂಗತಿ ಒಂಚೂರು ಹೇಳಿಬಿಡುತ್ತೇನೆ. ಸೀಲಿಂಗ್ ಫ್ಯಾನಿನಲ್ಲಿ ಮಾಮೂಲಾಗಿ ಇರುವುದು ಇಂಡಕ್ಷನ್ ಮೋಟಾರು, ಅದಕ್ಕೆ ಬ್ರಷ್ ಬೇಡ. ಆದರೆ 50 ಹರ್ಟ್ಸ್ ಕರೆಂಟಿನಲ್ಲಿ ಅಂಥ ಮೋಟಾರು ಎಷ್ಟೇ ಕುಣಿದರೂ ನಿಮಿಷಕ್ಕೆ 3,000 ಸುತ್ತು ದಾಟುವುದಿಲ್ಲ. ಮಿಕ್ಸಿಗೆ ಅದು ಯಾವ ಮೂಲೆಗೂ ಸಾಲದು. ಜಾರ್ ಇಲ್ಲದೆ ಖಾಲಿ ಬಿಟ್ಟರೆ ಅದು 18,000 ಸುತ್ತಿನ ಆಸುಪಾಸು ತಿರುಗುವ ಪ್ರಾಣಿ. ಹಾಗಾಗಿ ಅದರಲ್ಲಿರುವುದು ಯೂನಿವರ್ಸಲ್ ಮೋಟಾರು. ತಿರುಗುವ ಭಾಗಕ್ಕೂ ಕರೆಂಟು ಹೋಗಬೇಕು. ವೈರ್ ಕಟ್ಟಿದರೆ ಸುತ್ತಿಕೊಂಡುಬಿಡುತ್ತದೆ, ಅಲ್ವಾ? ಅದಕ್ಕೇ ಆ ಭಾಗದ ಜೊತೆಗೇ ತಿರುಗುವ, ತಾಮ್ರದ ಪಟ್ಟಿಗಳಿರುವ ಕಮ್ಯುಟೇಟರ್ ಅನ್ನುವ ಉರುಳೆಯನ್ನು ಎರಡೂ ಕಡೆಯಿಂದ ಒಂದೊಂದು ಕಾರ್ಬನ್ ತುಂಡು ಉಜ್ಜಿಕೊಂಡೇ ಇರುತ್ತದೆ. ಹಿಂದಿನಿಂದ ಸ್ಪ್ರಿಂಗು ದಬ್ಬುತ್ತದೆ. ಕಾರ್ಬನ್ನು ತಾಮ್ರಕ್ಕಿಂತ ಮೆತ್ತಗೆ. ದುಬಾರಿ ಕಮ್ಯುಟೇಟರ್ ಸವೆಯದಿರಲಿ ಅಂತ ತಾನು ಸವೆಯುತ್ತದೆ. ಪೂರ್ತಿ ಸವೆಯುವವರೆಗೆ ಯಾರೂ ಅದರ ಹೆಸರೆತ್ತುವುದಿಲ್ಲ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ, "ಮಿಕ್ಸಿಗೆ ಬ್ರಷ್ ಹಾಕಬೇಕು" ಅಂದೆ. ಅಮ್ಮ ಎದ್ದು ಹೋಗಿ, ಸಿಂಕಿನ ಪಕ್ಕದ ಡಬ್ಬದಿಂದ ಹಳೇ ಹಲ್ಲುಜ್ಜುವ ಬ್ರಷ್ ತಂದು ನನ್ನ ಮುಂದಿಟ್ಟಳು. "ಜಾರಿನ ಬ್ಲೇಡ್ ಸಂದು ತಿಕ್ಕೋಕೆ ಇಟ್ಕೊಂಡಿದ್ದೆ. ಬೇಕಾದ್ರೆ ತಗೋ."

"ಈ ಬ್ರಷ್ ಅಲ್ಲಮ್ಮಾ, ಕಾರ್ಬನ್ ಬ್ರಷ್ಷು" ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಮಗಳು ಬಗ್ಗಿ ನೋಡಿ, "ಒಂದು ಕೂದಲೂ ಇಲ್ವಲ್ಲಪ್ಪಾ, ಇದು ಹೇಗೆ ಬ್ರಷ್ಷು?" ಅಂದಳು. ನ್ಯಾಯವಾದ ಪ್ರಶ್ನೆ. ಮೊದಮೊದಲಿಗೆ ಇದು ನಿಜಕ್ಕೂ ತಾಮ್ರದ ತಂತಿಗಳನ್ನು ಕಟ್ಟಿದ ಬ್ರಷ್ಷೇ ಆಗಿತ್ತು. 1885ರಲ್ಲಿ ಜಾರ್ಜ್ ಫೋರ್ಬ್ಸ್ ಅನ್ನುವ ಸ್ಕಾಟ್ಲೆಂಡಿನ ಎಂಜಿನಿಯರ್, ತಂತಿಯ ಬದಲು ಕಾರ್ಬನ್ ಇಡುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಕೂದಲು ಹೋಯಿತು, ಹೆಸರು ಉಳಿಯಿತು. ತಲೆ ಬೋಳಾದ ಮೇಲೂ ಕೇಶವ ಕೇಶವನೇ ಆಗಿರುವಂತೆ.

ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತೆ. "ಪ್ಲಗ್ ತೆಗೆದಿದೀಯಾ?" ಅಂದಳು ಅಮ್ಮ. ತೆಗೆದಿದ್ದೆ. ವೈರಿನ ತುದಿ ನನ್ನ ತೊಡೆಯ ಮೇಲೇ ಇತ್ತು. ಆದರೂ ಹತ್ತು ನಿಮಿಷಕ್ಕೊಮ್ಮೆ ಈ ಪ್ರಶ್ನೆ ಬರುತ್ತಲೇ ಇತ್ತು.

ಜಾರ್ ಕೂರುವ ಕಪ್ಲರ್ ಬಿಚ್ಚುವುದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಅದರದ್ದು ಉಲ್ಟಾ ಥ್ರೆಡ್ಡು. ಮೋಟಾರು ತಿರುಗುವ ರಭಸಕ್ಕೆ ಸಡಿಲವಾಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ನಾನು ಬಿಚ್ಚುತ್ತಿದ್ದೇನೆ ಅಂದುಕೊಂಡು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಿಗಿ ಮಾಡುತ್ತಿದ್ದೆ. ಆಮೇಲೆ ತಿಳಿಯಿತು, ನಮ್ಮ ಮಿಕ್ಸಿಯಲ್ಲಿ ಬ್ರಷ್ ಇರುವುದು ಬುಡದ ಕಡೆ. ಕಪ್ಲರ್ ಬಿಚ್ಚುವ ಅಗತ್ಯವೇ ಇರಲಿಲ್ಲ.

ಬುಡದ ತಟ್ಟೆ ತೆಗೆದರೆ ಒಳಗೆಲ್ಲ ಕಪ್ಪು ಪುಡಿ. ಏನೂ ಕಾಣಿಸುತ್ತಿರಲಿಲ್ಲ. "ಅಮ್ಮಾ, ಸ್ವಲ್ಪ ಟಾರ್ಚ್ ಹಿಡೀತೀಯಾ?" ಅಂದೆ. ಇಡೀ ದಿನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ನಮ್ಮ ಟಾರ್ಚು ಫ್ರಿಜ್ಜಿನ ಪಕ್ಕೆಗೆ ಅಂಟಿಕೊಂಡಿರುತ್ತದೆ, ಬುಡದಲ್ಲಿ ಅಯಸ್ಕಾಂತ ಇದೆ. ಅಮ್ಮ ಅದನ್ನು ಕಿತ್ತು ತಂದು ನನ್ನ ಪಕ್ಕ ಕೂತಳು. ಮೊದಲ ಅರ್ಧ ನಿಮಿಷ ಬೆಳಕು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಆಮೇಲೆ ಅವಳಿಗೆ ಪಕ್ಕದ ಮನೆಯವರು ತಂದ ಹೊಸ ಫ್ರಿಜ್ಜು ನೆನಪಾಯಿತು. ಅಮ್ಮನಿಗೆ ಕೈಯಾಡಿಸದೆ ಮಾತು ಬರುವುದಿಲ್ಲ. "ಇಷ್ಟೆತ್ತರ ಇದೆ ಕಣೋ" ಅಂದಳು, ಬೆಳಕು ಚಾವಣಿಗೆ ಹೋಯಿತು. "ಬಾಗಿಲು ಎರಡೂ ಕಡೆ ಹಿಂಗೆ ತೆಗೀತದೆ", ಬೆಳಕು ಎಡಗೋಡೆಯಿಂದ ಬಲಗೋಡೆಗೆ ಗುಡಿಸಿಕೊಂಡು ಹೋಯಿತು. "ಅಮ್ಮಾ, ಇಲ್ಲಿ." "ಹ್ಞಾ, ಹಿಡಿದಿದ್ದೀನಲ್ಲ." ಬೆಳಕು ನನ್ನ ಕಣ್ಣಿಗೆ ಬಂತು. "ಅಮ್ಮಾ, ಬ್ರಷ್ಷಿನ ಮೇಲೆ." "ಪ್ಲಗ್ ತೆಗೆದಿದೀಯಾ?" ಬೆಳಕು ಪ್ಲಗ್ಗಿನ ಮೇಲೆ. "ಅದ್ರಲ್ಲಿ ತರಕಾರಿ ಇಡೋ ಡ್ರಾಯರ್ರು ಕೆಳಗಿಂದ ಹಿಂಗೆ ಜಾರಿ ಬರತ್ತೆ ನೋಡು..."

ಡ್ರಾಯರ್ ಜಾರಿ ಬರುವಾಗ ಟಾರ್ಚು ಸ್ಟವ್ವಿನ ಕೆಳಗೆ ಬೆಳಕು ಚೆಲ್ಲುತ್ತಿತ್ತು. ನಾನು ಕತ್ತಲಲ್ಲಿ ಬ್ರಷ್ಷಿನ ಕ್ಲಿಪ್ಪು ಎತ್ತಿದೆ. 'ಟಿಂಗ್' ಅಂತು. ಅಷ್ಟೇ. ಸ್ಪ್ರಿಂಗು ಮಾಯ.

ಆಮೇಲಿನ ಮುಕ್ಕಾಲು ಗಂಟೆ ನಾನು ಮನುಷ್ಯನಾಗಿರಲಿಲ್ಲ. ಕಪಾಟಿನ ಕೆಳಗೆ ಗಲ್ಲ ಒತ್ತಿ ನೋಡಿದೆ. ಡಬ್ಬಗಳನ್ನೆಲ್ಲ ಎತ್ತಿ ಅಲುಗಾಡಿಸಿದೆ. ಎರಡು ಪೆನ್ನಿನ ಕ್ಯಾಪು, ಒಂದು ಅಂಗಿ ಗುಂಡಿ, ಮಗಳು ಅತ್ತು ಕರೆದು ಮರೆತಿದ್ದ ಪಜಲ್‌ನ ತುಂಡು, ಎಲ್ಲ ಸಿಕ್ಕವು. ಅಮ್ಮನೂ ಪಾಪ ಹುಡುಕಿದಳು. ಮಂಡಿ ನೋವು ಬೇರೆ, ಹೆಜ್ಜೆಗೊಮ್ಮೆ ಟಾರ್ಚನ್ನೇ ನೆಲಕ್ಕೆ ಊರಿಕೊಂಡು ಏಳುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ರೀ, ಹೆಂಗಿದ್ರೂ ಕಪಾಟಿನ ಕೆಳಗೆ ಮಲಗಿದೀರಲ್ಲ, ಹಾಗೇ ಒಂದ್ಸಲ ಒರೆಸಿಬಿಡಿ" ಅಂತ ಬಟ್ಟೆ ಎಸೆದು ಹೋದಳು. ಒರೆಸಿದೆ. ಸ್ಪ್ರಿಂಗು ಸಿಗಲಿಲ್ಲ.

ಕೊನೆಗೆ ಸವೆದ ಬ್ರಷ್ಷು ಎರಡನ್ನೂ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಸ್ಯಾಂಪಲ್ ಇಲ್ಲದೆ ಹೋಗಬಾರದು. ಅಗಲ, ದಪ್ಪ ಒಂದು ಮಿಲಿಮೀಟರ್ ಹೆಚ್ಚಾದರೂ ಹೋಲ್ಡರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕಮ್ಮಿಯಾದರೆ ಲೊಡಲೊಡ ಅನ್ನುತ್ತದೆ. ಅಂಗಡಿಯವನು ಅಳೆದು, ಒಂದು ಜೊತೆ ತೆಗೆದುಕೊಟ್ಟ. ಒಂದೇ ಸವೆದಿದ್ದರೂ ಎರಡನ್ನೂ ಬದಲಾಯಿಸಬೇಕು. "ಸ್ಪ್ರಿಂಗು ಬೇರೆ ಸಿಗುತ್ತಾ?" ಅಂತ ಸಣ್ಣ ದನಿಯಲ್ಲಿ ಕೇಳಿದೆ.

"ಬ್ರಷ್ ಜೊತೆಗೇ ಬರುತ್ತಲ್ಲ ಸಾರ್" ಅಂದ. ಕವರಿನಲ್ಲಿ ಎರಡು ಹೊಸ ಸ್ಪ್ರಿಂಗು ತಣ್ಣಗೆ ಕೂತಿದ್ದವು. ಅವನ ಕಣ್ಣು ನನ್ನ ಪ್ಯಾಂಟಿನ ಮೊಣಕಾಲಿನ ಮೇಲಿತ್ತು. ಪುಣ್ಯಾತ್ಮ ಏನೂ ಕೇಳಲಿಲ್ಲ.

ಮನೆಗೆ ಬಂದರೆ ಮಗಳು ಫ್ರಿಜ್ಜಿನ ಮುಂದೆ ನಿಂತು ಟಾರ್ಚಿನ ಜೊತೆ ಜಗಳವಾಡುತ್ತಿದ್ದಳು. "ಅಪ್ಪಾ, ಇದು ನೆಟ್ಟಗೆ ನಿಲ್ತಾನೇ ಇಲ್ಲ, ಸೊಟ್ಟ ಆಗ್ತಿದೆ." ಇಸಿದುಕೊಂಡು ತಿರುಗಿಸಿದೆ. ಅಯಸ್ಕಾಂತಕ್ಕೆ ಕಚ್ಚಿಕೊಂಡು ನನ್ನ ಸ್ಪ್ರಿಂಗು! ಅಂದರೆ ಆ ಮುಕ್ಕಾಲು ಗಂಟೆ ಅಮ್ಮ ಸ್ಪ್ರಿಂಗನ್ನು ಕೈಯಲ್ಲೇ ಹಿಡಿದುಕೊಂಡು, ಅದು ಅಂಟಿದ್ದ ಟಾರ್ಚಿನದೇ ಬೆಳಕಿನಲ್ಲಿ ಅದನ್ನೇ ಹುಡುಕುತ್ತಿದ್ದಳು. "ನೋಡಿದ್ಯಾ, ನಾನು ಜೋಪಾನವಾಗಿ ಇಟ್ಟಿದ್ದೆ" ಅಂದಳು.

ಹೊಸ ಬ್ರಷ್ ಹಾಕುವುದು ಕಷ್ಟವಾಗಲಿಲ್ಲ. ಈ ಸಲ ಟಾರ್ಚ್ ಹಿಡಿದವಳು ಮಗಳು. ಕಮ್ಯುಟೇಟರನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿದೆ. ಪಟ್ಟಿಗಳ ನಡುವಿನ ಸಂದಿನಲ್ಲಿ ಕಾರ್ಬನ್ ಪುಡಿ ಕೂತಿತ್ತು, ಅದು ಕರೆಂಟನ್ನು ಹಾಯಿಸುವ ಪುಡಿ, ಬಿಡುವ ಹಾಗಿಲ್ಲ. ಏನು ಹಾಕಿದರೂ ಬರಲಿಲ್ಲ. ಅಮ್ಮ ಏನೂ ಮಾತಾಡದೆ ಹಳೇ ಹಲ್ಲುಜ್ಜುವ ಬ್ರಷ್ ಮುಂದೆ ಹಿಡಿದಳು. ನಾನೂ ಏನೂ ಮಾತಾಡದೆ ಇಸಿದುಕೊಂಡೆ.

ಮುಚ್ಚುವ ಮೊದಲು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದು ಕಿರುಬೆರಳಿನ ತುದಿಗೆಣ್ಣಿನಷ್ಟು ಉದ್ದ. ಹಳೆಯದು ಐದು ಮಿಲಿಮೀಟರ್ ಇತ್ತೇನೋ. ಅಷ್ಟು ಗಿಡ್ಡವಾದ ಮೇಲೆ ಸ್ಪ್ರಿಂಗಿಗೂ ದಬ್ಬುವಷ್ಟು ಕಸುವಿರುವುದಿಲ್ಲ, ಬ್ರಷ್ಷು ಕಮ್ಯುಟೇಟರಿಗೆ ತಾಗದೆ ಹಿಂದೆಯೇ ಉಳಿಯುತ್ತದೆ. ಹೊರಗಿನಿಂದ ಟಪ್ ಅಂತ ತಟ್ಟಿದರೆ ಚೂರು ಮುಂದೆ ಜರುಗಿ ತಾಗುತ್ತದೆ. ಅಂದರೆ ಅಮ್ಮನ ಏಟು ಸರಿಯಾದ ಜಾಗಕ್ಕೇ ಬೀಳುತ್ತಿತ್ತು.

ಮಿಕ್ಸಿ ಶುರುವಾದರೆ ನಾವೆಲ್ಲ ಏನು ಮಾಡುತ್ತೇವೆ? ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಮಗಳು ಟಿವಿ ಸೌಂಡ್ ಜಾಸ್ತಿ ಮಾಡುತ್ತಾಳೆ. ಹೆಂಡತಿ ಫೋನಿನಲ್ಲಿ "ತಡಿ ಒಂದ್ನಿಮಿಷ" ಅನ್ನುತ್ತಾಳೆ. ಕಿವಿಗೊಟ್ಟು ಕೇಳುವವಳು ಅಮ್ಮ ಒಬ್ಬಳೇ. ಅವಳು ಹೇಳಿದ್ದು ಈಗ ನೆನಪಾಗುತ್ತಿದೆ. ಹಿಂದೊಂದು ರಾತ್ರಿ ತಟ್ಟೆ ಎತ್ತುತ್ತಾ, "ಸದ್ದು ಮೊದಲಿನ ಹಾಗಿಲ್ಲ ಕಣೋ" ಅಂದಿದ್ದಳು. ಮಿಕ್ಸಿಯದು ಅಂತ ನಾನು ಕೇಳಿಸಿಕೊಂಡೇ ಇರಲಿಲ್ಲ. ಮೊಬೈಲಿನಿಂದ ತಲೆ ಎತ್ತದೆ 'ಹ್ಞೂಂ' ಅಂದಿದ್ದೆ.

ಜಾರ್ ಇಡದೆ ಎರಡು ಮೂರು ನಿಮಿಷ ಸಣ್ಣ ಸ್ಪೀಡಿನಲ್ಲಿ ಬಿಟ್ಟೆ. ಹೊಸ ಬ್ರಷ್ಷಿನ ಮೂತಿ ಸಪಾಟಾಗಿದ್ದರೆ, ಕಮ್ಯುಟೇಟರಿನ ದುಂಡು ಮೈಗೆ ಹೊಂದಿಕೊಳ್ಳುವವರೆಗೆ ಕಿಡಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆಮೇಲೆ ತಗ್ಗಿತು. ಅಮ್ಮ ತಲೆ ವಾಲಿಸಿ ಕೇಳಿ, "ಈಗ ಸರಿ" ಅಂದಳು. ಅವಳ ಎಡಗೈ ಮಾತ್ರ ಮಿಕ್ಸಿಯ ಪಕ್ಕೆಯ ಹತ್ತಿರವೇ ಕಾಯುತ್ತಿತ್ತು.

ಸ್ನಾನ ಮುಗಿಸಿ, ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಈಚೆ ಬಂದರೆ ಮನೆ ತುಂಬ ಮೌನ. ಮಗಳಿರುವ ಮನೆಯಲ್ಲಿ ಮೌನ ಒಳ್ಳೆಯದಲ್ಲ. ಸವೆದ ಬ್ರಷ್ಷೆರಡನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟಿದ್ದೆ. ಅದು ಚೆನ್ನಾಗಿ ಬರೆಯುತ್ತದೆ ಅನ್ನುವುದು ಅವಳಿಗೆ ಗೊತ್ತಾಗಿತ್ತು. ಫ್ರಿಜ್ಜಿನ ಪಕ್ಕದ ಬಿಳಿ ಗೋಡೆಯ ಮೇಲೆ ಆಳೆತ್ತರದ ಚಿತ್ರ. ಒಬ್ಬ ಮನುಷ್ಯ ನಾಲ್ಕು ಕಾಲಿನಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಟಾರ್ಚ್ ಹಿಡಿದ ಅಜ್ಜಿ. ಬೆಳಕು ಚಾವಣಿಯ ಕಡೆಗಿದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸಿಂಕಿನ ಪಕ್ಕದ ಡಬ್ಬಕ್ಕೆ ಕೈ ಹಾಕಿ, ಆ ಹಲ್ಲುಜ್ಜುವ ಬ್ರಷ್ ತೆಗೆದು ನನ್ನ ಕಡೆ ಚಾಚಿದಳು.