ಕಡ್ಡಿ ಬಿಸ್ಕೆಟ್ ಮತ್ತು ಸೈರನ್

ನವೆಂಬರ್ 11 ಬಂತು ಅಂದರೆ ನನಗೆ ತಲೆನೋವು. ದಕ್ಷಿಣ ಕೊರಿಯಾದ ಬುಸಾನ್‌ಗೆ ಟೀಚರ್ ಆಗಿ ಬಂದ ಮೊದಲ ವರ್ಷ ಬೆಳಗ್ಗೆ ನೋಡಿದರೆ, ಮೇಜಿನ ಮೇಲೆ ಚಾಕೊಲೇಟ್ ಮೆತ್ತಿದ ಕಡ್ಡಿ ಬಿಸ್ಕೆಟ್‌ಗಳ ರಾಶಿ. 11/11 ಅಂದರೆ ನಾಲ್ಕು ಕಡ್ಡಿ ನಿಂತ ಹಾಗೆ ಕಾಣುತ್ತದಲ್ವಾ, ಅದಕ್ಕೇ ಕೊರಿಯಾದಲ್ಲಿ ಇದು ಪೆಪೆರೊ ದಿನ (ಪೆಪೆರೊ ಅಂದರೆ ಈ ಕಡ್ಡಿ ಬಿಸ್ಕೆಟ್ಟೇ)! ನಮ್ಮ ಎಳ್ಳು ಬೀರುವ ಲೆಕ್ಕವೇ, ತಗೊಂಡ ಮೇಲೆ ಕೊಡಬೇಕು. ನಾನು ಬರಿಗೈಲಿ ಹೋಗಿ ಪೆದ್ದಿ ಥರ ನಿಂತಿದ್ದೆ. ಈಗ ಹಿಂದಿನ ದಿನವೇ ಚೀಲ ತುಂಬಿಕೊಂಡು ಬರುತ್ತೇನೆ, ಜೇಬು ಖಾಲಿ.

ಅದು ಹಾಳಾಗಲಿ. ಅದೇ ದಿನ 11 ಗಂಟೆಗೆ ಇದೇ ಊರಲ್ಲಿ ಒಂದು ನಿಮಿಷ ಸೈರನ್ ಕೂಗುತ್ತದೆ. ಕೊರಿಯಾ ಯುದ್ಧದಲ್ಲಿ ಸತ್ತ ಹೊರದೇಶದ ಸೈನಿಕರನ್ನು ಹೂತ ವಿಶ್ವಸಂಸ್ಥೆಯ ಸ್ಮಶಾನ ಇರುವುದು ಇಲ್ಲೇ, ಅವರ ನೆನಪಿಗೇ ಈ ಸೈರನ್. (1950ರಲ್ಲಿ ಭಾರತದಿಂದಲೂ ಸೇನಾ ವೈದ್ಯರ ತುಕಡಿ ಬಂದಿತ್ತು, ಹಾಗಾಗಿ ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ.) ಈ ಸಲ ಸೈರನ್ ಶುರುವಾದ ತಕ್ಷಣ ಎದ್ದು ತಲೆ ತಗ್ಗಿಸಿದೆ. ಹಿಂದಿನ ಬೆಂಚಿನಿಂದ ಕಟುಂ ಕಟುಂ ಸದ್ದು. ಕಣ್ಣು ಬಿಟ್ಟು ಗದರೋಣ ಅಂದರೆ ನನ್ನ ಬಾಯಲ್ಲೂ ಅರ್ಧ ಕಡ್ಡಿ. ಕಚ್ಚಿದರೆ ಸದ್ದು, ಉಗುಳಿದರೆ ಮರ್ಯಾದೆ ಹೋಗುತ್ತದೆ. ಸುಮ್ನೆ ಚಾಕೊಲೇಟ್ ಚೀಪುತ್ತಾ ನಿಂತಿದ್ದೆ, ಪೂರ್ತಿ ಒಂದು ನಿಮಿಷ.